ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಮಗುವಿನ ಪಾದ ಸೊಟ್ಟ ಇದೆ ಅಂದರು. ಗೊತ್ತಿರುವವರು ಹೇಳಿ

ತುಂಗೆ ತಟದವಳು (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಇದು ನನ್ನ ಮೊದಲ ಬಸಿರು. ಈಗ 20 ವಾರ 4 ದಿನ. ಇವತ್ತು ಟಿಫಾ ಸ್ಕ್ಯಾನಿಂಗ್‌ಗೆ (ಮಗುವಿನ ಅಂಗಾಂಗ ಎಲ್ಲ ಸರಿಯಿದೆಯಾ ಅಂತ ನೋಡುವ ಸ್ಕ್ಯಾನ್) ಹೋಗಿದ್ದೆವು. ಡಾಕ್ಟ್ರು ತಲೆ, ಹೃದಯ, ಬೆನ್ನು ಅಂತ ಒಂದೊಂದೇ ತೋರಿಸುತ್ತಾ ಮಾತಾಡುತ್ತಿದ್ದರು. ಕಾಲಿನ ಹತ್ತಿರ ಬಂದಾಗ ಸುಮ್ಮನಾದರು. ಎಡಮಗ್ಗುಲಿಗೆ ತಿರುಗಿ ಅಂದರು. ಆಮೇಲೆ ಎದ್ದು ಒಂದು ಸುತ್ತು ಓಡಾಡಿ ಬನ್ನಿ ಅಂದರು. ಬಂದು ಮಲಗಿದ ಮೇಲೆ ಮತ್ತೆ ಅದೇ ಕಾಲು ನೋಡಿದರು. ನನಗೆ ಆಗಲೇ ಜೀವ ಬಾಯಿಗೆ ಬಂದಿತ್ತು.

ರಿಪೋರ್ಟಿನಲ್ಲಿ 'ಎಡಪಾದ ಕ್ಲಬ್‌ಫೂಟ್ ಇರಬಹುದು, ಉಳಿದಂತೆ ಏನೂ ತೊಂದರೆ ಕಂಡಿಲ್ಲ, ಮತ್ತೊಮ್ಮೆ ನೋಡಬೇಕು' ಎಂದು ಬರೆದಿದ್ದಾರೆ. ಕ್ಲಬ್‌ಫೂಟ್ ಅಂದರೆ ಈ ಸೊಟ್ಟ ಪಾದವೇ ಅಂತೆ. ಮನೆಗೆ ಬಂದಾಗಿನಿಂದ ಅಳುತ್ತಾ ಇದ್ದೇನೆ. ಅತ್ತೆ 'ಗ್ರಹಣದ ದಿನ ತರಕಾರಿ ಹೆಚ್ಚಬೇಡ ಅಂದಿದ್ದೆ' ಎಂದರು. ನಮ್ಮವರ ಕಡೆಯ ದೊಡ್ಡವರೊಬ್ಬರು 'ಇನ್ನೂ ಟೈಮ್ ಇದೆ, ತೆಗೆಸಿಬಿಡಿ' ಅಂತ ಫೋನ್‌ನಲ್ಲೇ ಹೇಳಿದರು.

ನನ್ನ ಮಗು ನಡೆಯುತ್ತಾ? ಇಷ್ಟು ಸಣ್ಣ ಪಾದ ಸ್ಕ್ಯಾನ್‌ನಲ್ಲಿ ನಿಜವಾಗಲೂ ಕಾಣುತ್ತಾ? ತಪ್ಪಾಗಿರಬಹುದಾ?

ಹಾಸನದ ಅಮ್ಮ (ಸೋಮವಾರ ರಾತ್ರಿ)

ತಂಗೀ, ಮೊದಲು ಕಣ್ಣು ಒರೆಸಿಕೊಂಡು ಒಂದು ಲೋಟ ನೀರು ಕುಡಿ. ನನ್ನ ಮಗನಿಗೆ ಎರಡೂ ಪಾದ ಸೊಟ್ಟ ಇದ್ದವು. ಅವನಿಗೀಗ ಆರು ವರ್ಷ. ಇವತ್ತು ಸಂಜೆ ಕಬಡ್ಡಿ ಆಡಲು ಹೋಗಿ ಮಂಡಿ ತರಚಿಕೊಂಡು ಬಂದಿದ್ದಾನೆ. ನಡೆಯುತ್ತಾ ಅಂತ ಕೇಳಿದೆಯಲ್ಲ, ಓಡುತ್ತೆ. ನೀನು ಹಿಂದೆ ಓಡಬೇಕಾಗುತ್ತೆ.

ಉಳಿದದ್ದು ನಾಳೆ ಬರೆಯುತ್ತೇನೆ. ಈಗ ಮಲಗು.

ಸ್ಕ್ಯಾನ್ ರೂಮಿನಿಂದ (ಮಂಗಳವಾರ ಬೆಳಿಗ್ಗೆ)

ನಾನು ರೇಡಿಯಾಲಜಿ ಡಾಕ್ಟರ್. ನಿಮ್ಮ ಚಿತ್ರಗಳನ್ನು ನೋಡದೆ ನಿಮ್ಮ ಮಗುವಿನ ಬಗ್ಗೆ ತೀರ್ಪು ಕೊಡಲು ಆಗಲ್ಲ. ಆದರೆ ನಾವು ಆ ಕತ್ತಲೆ ಕೋಣೆಯಲ್ಲಿ ಏನು ನೋಡುತ್ತೇವೆ ಅಂತ ಹೇಳಬಲ್ಲೆ. ಅದು ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ.

ಮೊಣಕಾಲಿನ ಕೆಳಗೆ ಎರಡು ಎಲುಬು ಇವೆ. ಅವೆರಡೂ ಉದ್ದಕ್ಕೆ ಕಾಣುವ ಹಾಗೆ ಪ್ರೋಬ್ (ಹೊಟ್ಟೆ ಮೇಲೆ ಆಡಿಸುವ ಸಾಧನ) ಹಿಡಿಯುತ್ತೇವೆ. ಪಾದ ಸರಿಯಿದ್ದರೆ ಅಂಗಾಲು ಆ ಚಿತ್ರದಲ್ಲಿ ಬರಬಾರದು, ಯಾಕೆಂದರೆ ಪಾದ ಕಾಲಿಗೆ ಅಡ್ಡವಾಗಿ ಮುಂದಕ್ಕೆ ಚಾಚಿರುತ್ತದೆ. ಕ್ಲಬ್‌ಫೂಟ್ ಇದ್ದರೆ ಹಿಮ್ಮಡಿ ಮೇಲಕ್ಕೆ ಎಳೆದು, ಅಂಗಾಲು ಒಳಕ್ಕೆ ತಿರುಗಿರುತ್ತದೆ. ಆಗ ಎರಡು ಎಲುಬು, ಅಂಗಾಲು, ಬೆರಳಿನ ಸಾಲು ಎಲ್ಲ ಒಂದೇ ಚಿತ್ರದಲ್ಲಿ ಕೂತುಬಿಡುತ್ತವೆ. ಹಾಕಿ ಕೋಲಿನ ತುದಿ ಬಾಗಿರುತ್ತಲ್ವಾ, ಹಾಗೆ.

ಮಗು ಆ ಕ್ಷಣಕ್ಕೆ ಪಾದ ಒಳಕ್ಕೆ ತಿರುಗಿಸಿದ್ದರೂ ಹೀಗೇ ಕಾಣಬಹುದು. ಅದಕ್ಕೇ ನಿಮ್ಮನ್ನು ಮಗ್ಗುಲು ತಿರುಗಿಸಿದ್ದು, ಓಡಾಡಿಸಿದ್ದು. ಮಗು ಕಾಲು ಆಡಿಸಿದಾಗ ಪಾದ ನೇರಕ್ಕೆ ಬಂದರೆ ಅದು ಬರೀ ಮಲಗಿದ ಭಂಗಿ. ಎಷ್ಟು ಹೊತ್ತು ಕಾದರೂ ಪಾದ ಹಾಗೇ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ಅಷ್ಟು ತಾಳ್ಮೆಯಿಂದ ನೋಡಿದ್ದಾರೆ ಅಂದರೆ ನಿಮ್ಮ ಡಾಕ್ಟರ್ ಒಳ್ಳೆ ಕೆಲಸ ಮಾಡಿದ್ದಾರೆ.

ಸುಮಾರು ಸಾವಿರ ಮಕ್ಕಳಲ್ಲಿ ಒಂದು ಮಗುವಿಗೆ ಹೀಗಾಗುತ್ತದೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧ ಮಕ್ಕಳಿಗೆ ಎರಡೂ ಪಾದ ಸೊಟ್ಟ ಇರುತ್ತದೆ.

'ತೆಗೆಸಿಬಿಡಿ' ಎಂದವರ ಮಾತು ದಯವಿಟ್ಟು ತಲೆಗೆ ಹಚ್ಚಿಕೊಳ್ಳಬೇಡಿ. ಬರೀ ಪಾದ ಮಾತ್ರ ಸೊಟ್ಟ ಇದ್ದರೆ ಅದು ಗುಣವಾಗುವ ತೊಂದರೆ. ಆ ಮಾತಿಗೆ ಜಾಗವೇ ಇಲ್ಲ.

ಅಡಿಕೆ ತೋಟ (ಮಂಗಳವಾರ ಬೆಳಿಗ್ಗೆ)

ಕ್ಲಬ್‌ಫೂಟ್ ಗಂಡುಮಕ್ಕಳಿಗೆ ಜಾಸ್ತಿ ಅಂತ ಓದಿದ್ದೆ. ಹಾಗಾದರೆ ಇದು ಗಂಡು ಅಂತಾನಾ?

ಸ್ಕ್ಯಾನ್ ರೂಮಿನಿಂದ (ಮಂಗಳವಾರ ಬೆಳಿಗ್ಗೆ)

ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳ ಎರಡರಷ್ಟು ಕಾಣಿಸುತ್ತದೆ ಅನ್ನೋದು ನಿಜ. ಆದರೆ ಅದರಿಂದ ಈ ಮಗು ಯಾವುದು ಅಂತ ಊಹಿಸೋದು ತಪ್ಪು. ಹಾಗೆ ಕೇಳುವುದೂ ಹೇಳುವುದೂ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ಅಪರಾಧ. ಆ ವಿಷಯ ಇಲ್ಲಿ ಬೇಡ.

ಕರಾವಳಿ ಹುಡುಗಿ (ಮಂಗಳವಾರ ಮಧ್ಯಾಹ್ನ)

ತಪ್ಪಾಗಿರಬಹುದಾ ಅಂತ ಕೇಳಿದ್ದೀರಿ. ನನಗೆ ಹಾಗೇ ಆಯಿತು. 22 ವಾರಕ್ಕೆ ಬಲಪಾದ ಅನುಮಾನ ಅಂದರು. ಮಗು ಕುಂಡೆ ಕೆಳಗೆ ಮಾಡಿ, ಕಾಲು ಮಡಚಿಕೊಂಡು ಕೂತಿತ್ತಂತೆ. 26 ವಾರಕ್ಕೆ ಬೇರೆ ಕಡೆ ನೋಡಿಸಿದಾಗ ಪಾದ ಸರಿಯಾಗಿತ್ತು, ಹುಟ್ಟಿದಾಗಲೂ ಸರಿಯಾಗಿತ್ತು. ಆ ನಾಲ್ಕು ವಾರ ನಾನು ಊಟ ಬಿಟ್ಟು ಸೊರಗಿದ್ದು ಮಾತ್ರ ಮರೆಯೋಕೆ ಆಗಲ್ಲ. ನೀವು ಹಾಗೆ ಮಾಡಬೇಡಿ ಅಕ್ಕ.

ಧಾರವಾಡದ ಅಪ್ಪ (ಮಂಗಳವಾರ ರಾತ್ರಿ)

ನಮ್ಮದು ಇದರ ಉಲ್ಟಾ. ಎರಡು ಸಲ ಸ್ಕ್ಯಾನ್ ಆಗಿತ್ತು. ಎರಡರಲ್ಲೂ 'ಎಲ್ಲ ನಾರ್ಮಲ್'. ಎಲ್ಲಿ ಅಂತ ಹೆಸರು ಹೇಳಲ್ಲ. ಅಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷವೂ ಸಿಗುತ್ತಿರಲಿಲ್ಲ. ಮಗ ಹುಟ್ಟಿದ ದಿನ ನರ್ಸ್ ಬಟ್ಟೆ ಬಿಚ್ಚಿ ತೋರಿಸಿದಾಗ ನನ್ನ ಕೈಕಾಲು ಆಡಲಿಲ್ಲ. ಹೆಂಡತಿಗೆ ಇನ್ನೂ ಹೊಲಿಗೆ ನೋವು. ಅವ್ವ ಒಂದು ಕಡೆ ಅಳೋದು, ನೆಂಟರು ಬಂದು ನೋಡಿ ಪಿಸುಗುಟ್ಟೋದು. ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು, ಒಂದೂ ಗೊತ್ತಿಲ್ಲ. ಮೂರು ವಾರ ಸುಮ್ಮನೆ ಎಣ್ಣೆ ತಿಕ್ಕುತ್ತಾ ಕಳೆದೆವು. ಎಣ್ಣೆಯಿಂದ ಪಾದ ಒಂದು ಕೂದಲೆಳೆಯಷ್ಟೂ ತಿರುಗಲಿಲ್ಲ.

ಅದಕ್ಕೇ ಹೇಳ್ತೀನಿ ತಂಗಿ, ನಿನಗೆ ಮೊದಲೇ ಗೊತ್ತಾಗಿರೋದು ಕೆಟ್ಟ ಸುದ್ದಿ ಅಲ್ಲ. ನಿನ್ನ ಕೈಯಲ್ಲಿ ನಾಲ್ಕೂವರೆ ತಿಂಗಳು ಇದೆ. ನಮಗೆ ನಾಲ್ಕು ಗಂಟೆಯೂ ಇರಲಿಲ್ಲ.

ತುಂಗೆ ತಟದವಳು (ಬುಧವಾರ)

ಎಲ್ಲರಿಗೂ ಏನು ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ರಾತ್ರಿ ಸ್ವಲ್ಪ ನಿದ್ದೆ ಬಂತು. ಡಾಕ್ಟ್ರೇ, 3ಡಿ ಸ್ಕ್ಯಾನ್ ಮಾಡಿಸಿದರೆ ಖಚಿತವಾಗಿ ಗೊತ್ತಾಗುತ್ತಾ? ಯಜಮಾನರು ಬೆಂಗಳೂರಿಗೆ ಹೋಗೋಣ ಅನ್ನುತ್ತಿದ್ದಾರೆ.

ಸ್ಕ್ಯಾನ್ ರೂಮಿನಿಂದ (ಬುಧವಾರ ರಾತ್ರಿ)

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು.

ಮಾಮೂಲಿ ಸ್ಕ್ಯಾನ್ ಒಂದು ತೆಳ್ಳನೆ ಹೋಳು ತೋರಿಸುತ್ತದೆ. ಬ್ರೆಡ್ಡಿನ ಒಂದೊಂದೇ ಹೋಳು ನೋಡಿದ ಹಾಗೆ. 3ಡಿಯಲ್ಲಿ ಮೆಷಿನ್ ಪೂರ್ತಿ ಬ್ರೆಡ್ಡನ್ನೇ ಒಮ್ಮೆಗೆ ಹಿಡಿದು ಇಟ್ಟುಕೊಳ್ಳುತ್ತದೆ. ನೀವು ಎದ್ದು ಹೋದ ಮೇಲೂ ಡಾಕ್ಟರ್ ಅದನ್ನು ತಿರುಗಿಸಿ, ಬೇಕಾದ ಕಡೆ ಕತ್ತರಿಸಿ ನೋಡಬಹುದು. ಮೈಮೇಲಿನ ಚರ್ಮ ಕಾಣುವ ಹಾಗೂ ಮಾಡಬಹುದು, ಎಲುಬು ಮಾತ್ರ ಎದ್ದು ಕಾಣುವ ಹಾಗೂ ಮಾಡಬಹುದು. 4ಡಿ ಅಂದರೆ ಅದೇ ಚಿತ್ರ ಚಲಿಸುತ್ತಾ ಕಾಣೋದು. ಮಗು ಪಾದ ಆಡಿಸುತ್ತಾ, ಕೀಲು ಬಿಗಿಯಾಗಿದೆಯಾ ಅಂತ ನೋಡಲು ಅದು ಉಪಯೋಗ. ಇನ್ನೊಂದು ಲಾಭ ನಾನು ದಿನಾ ನೋಡುತ್ತೇನೆ: ಹೋಳಿನ ಚಿತ್ರ ಅಪ್ಪ ಅಮ್ಮನಿಗೆ ಅರ್ಥವಾಗಲ್ಲ, 3ಡಿ ಚಿತ್ರ ಅರ್ಥವಾಗುತ್ತದೆ. 'ಇಷ್ಟೇನಾ ಡಾಕ್ಟ್ರೇ?' ಅನ್ನುತ್ತಾರೆ. ಮನಸ್ಸಿನಲ್ಲಿ ಅವರು ಇದಕ್ಕಿಂತ ಎಷ್ಟೋ ಘೋರವಾದದ್ದನ್ನು ಕಲ್ಪಿಸಿಕೊಂಡಿರುತ್ತಾರೆ.

ಆದರೆ 3ಡಿ ಮಾಯಾಕನ್ನಡಿ ಅಲ್ಲ. ಪಾದದ ಮುಂದೆ ನೀರು ಇರಬೇಕು. ಮಗು ಪಾದವನ್ನು ಗರ್ಭದ ಗೋಡೆಗೆ ಒತ್ತಿಕೊಂಡಿದ್ದರೆ ಎಷ್ಟು ದುಬಾರಿ ಮೆಷಿನ್ ಇದ್ದರೂ ಚಿತ್ರ ಬರಲ್ಲ. ಏಳು ಎಂಟನೇ ತಿಂಗಳಲ್ಲಿ ಒಳಗೆ ಜಾಗ ಕಡಿಮೆ. ಒತ್ತಡಕ್ಕೆ ಸರಿಯಾದ ಪಾದವೂ ಸೊಟ್ಟ ಕಾಣಬಹುದು. ಅನುಭವ ಇರುವವರು ತಾಳ್ಮೆಯಿಂದ ಮಾಡಿದ ಮಾಮೂಲಿ ಸ್ಕ್ಯಾನೇ ಬುನಾದಿ, 3ಡಿ ಅದರ ಮೇಲಿನ ಸಹಾಯ. ಹಾಗಾಗಿ ಮೆಷಿನ್ ಹುಡುಕಬೇಡಿ, ಮಾಡುವವರನ್ನು ಹುಡುಕಿ. ಫೀಟಲ್ ಮೆಡಿಸಿನ್ (ಗರ್ಭದಲ್ಲಿರುವ ಮಗುವಿನ ವೈದ್ಯಕೀಯ) ಓದಿದವರು ನಿಮ್ಮ ಹತ್ತಿರದ ಊರಲ್ಲೇ ಇದ್ದರೆ ಬೆಂಗಳೂರಿನ ಪ್ರಯಾಣ ಬೇಡ.

ಇನ್ನು ಮುಖ್ಯವಾದದ್ದು. ಎರಡನೇ ಸಲ ಹೋಗುವುದು ಪಾದ ನೋಡಲು ಮಾತ್ರ ಅಲ್ಲ, ಉಳಿದ ಮಗುವನ್ನು ನೋಡಲು. ಬೆನ್ನುಹುರಿಯ ಸಾಲು ಪೂರ್ತಿ ಮುಚ್ಚಿದೆಯಾ, ಮೆದುಳು, ಹೃದಯ, ಕಿಡ್ನಿ ಹೇಗಿವೆ, ಕೈಬೆರಳು ಬಿಚ್ಚಿ ಮುಚ್ಚುತ್ತಿದೆಯಾ, ಮಂಡಿ ಮೊಣಕೈ ಮಡಚುತ್ತಿವೆಯಾ. ಬೆನ್ನುಹುರಿ ತೆರೆದುಕೊಂಡಿರುವ ಸ್ಪೈನಾ ಬೈಫಿಡಾದಲ್ಲಿ ಪಾದ ಸೊಟ್ಟ ಆಗಬಹುದು. ಎಲ್ಲ ಕೀಲುಗಳೂ ಬಿಗಿಯುವ ಆರ್ಥ್ರೋಗ್ರೈಪೋಸಿಸ್‌ನಲ್ಲಿಯೂ ಆಗಬಹುದು. ಇನ್ನೊಂದು ಬಗೆಯ ಪಾದ ಇದೆ: ಅಂಗಾಲು ತೊಟ್ಟಿಲಿನ ತಳದ ಹಾಗೆ ಹೊರಕ್ಕೆ ಉಬ್ಬಿರುತ್ತದೆ. ಅದರ ಜೊತೆ ಮುಷ್ಟಿ ಬಿಗಿದಿದ್ದರೆ, ಹೃದಯದಲ್ಲೂ ತೊಂದರೆ ಇದ್ದರೆ 18ನೇ ಕ್ರೋಮೋಸೋಮಿನ ದೋಷದ ಯೋಚನೆ ಬರುತ್ತದೆ. ಇಂಥದ್ದು ಕಂಡಾಗ ಗರ್ಭದ ನೀರು ತೆಗೆದು ಪರೀಕ್ಷೆ ಮಾಡುವ ಮಾತು ಬರುತ್ತದೆ. ನಿಮ್ಮ ರಿಪೋರ್ಟಿನಲ್ಲಿ 'ಉಳಿದಂತೆ ಏನೂ ತೊಂದರೆ ಕಂಡಿಲ್ಲ' ಎಂದು ಇದೆಯಲ್ಲ, ಆ ಸಾಲಿಗೆ ತುಂಬ ಬೆಲೆ ಇದೆ. ಮನೆಯಲ್ಲಿ ಎಲ್ಲರಿಗೂ ಮೊದಲು ಆ ಸಾಲು ಓದಿ ಹೇಳಿ.

ಸೊಟ್ಟ ಎಷ್ಟು ಜೋರಾಗಿದೆ, ಎಷ್ಟು ಪ್ಲಾಸ್ಟರ್ ಬೇಕಾಗುತ್ತೆ ಅನ್ನೋದನ್ನು ಹೊಟ್ಟೆಯಲ್ಲಿರುವಾಗ ನಂಬಿಕೆಯಿಂದ ಹೇಳಲು ಆಗಲ್ಲ. ಅದು ಹುಟ್ಟಿದ ಮೇಲೆ ಕೈಯಲ್ಲಿ ಮುಟ್ಟಿ ನೋಡಿಯೇ ಗೊತ್ತಾಗಬೇಕು.

ಅಜ್ಜಿ ಮನೆ (ಬುಧವಾರ ರಾತ್ರಿ)

ಗ್ರಹಣದ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನನ್ನ ಅತ್ತೆಯೂ ಹೀಗೇ ಹೇಳಿದ್ದರು, ಹತ್ತು ವರ್ಷ ಆ ಮಾತು ಎದೆಯಲ್ಲಿ ಚುಚ್ಚುತ್ತಾ ಇತ್ತು. ಗ್ರಹಣ ಇಡೀ ಊರಿಗೇ ಹಿಡಿಯುತ್ತೆ. ಆ ದಿನ ಅಡುಗೆ ಮಾಡಿದ ಬಸುರಿಯರು ಎಷ್ಟು ಜನ! ಅವರ ಮಕ್ಕಳೆಲ್ಲರಿಗೂ ಹೀಗಾಗಬೇಕಿತ್ತಲ್ವಾ?

ಸ್ಕ್ಯಾನ್ ರೂಮಿನಿಂದ (ಬುಧವಾರ ರಾತ್ರಿ)

ಸರಿಯಾಗಿ ಹೇಳಿದಿರಿ ಅಮ್ಮ. ಬಹಳಷ್ಟು ಮಕ್ಕಳಲ್ಲಿ ಇಂಥದ್ದೇ ಅಂತ ಒಂದು ಕಾರಣ ಸಿಗುವುದಿಲ್ಲ. ಸ್ವಲ್ಪ ಮಟ್ಟಿಗೆ ವಂಶದಲ್ಲಿ ಬರುತ್ತದೆ. ಬಸುರಿ ಬೀಡಿ ಸಿಗರೇಟು ಸೇದಿದರೆ ಸಾಧ್ಯತೆ ಹೆಚ್ಚುತ್ತದೆ. ತರಕಾರಿ ಹೆಚ್ಚಿದ್ದಕ್ಕೂ, ಕೂತ ಭಂಗಿಗೂ, ತಿಂದ ಪಪ್ಪಾಯಿಗೂ ಸಂಬಂಧ ಇಲ್ಲ. ತುಂಗೆ ತಟದವರೇ, ನೀವು ಯಾವ ತಪ್ಪೂ ಮಾಡಿಲ್ಲ.

ಪ್ಲಾಸ್ಟರ್ ಕೋಣೆ (ಗುರುವಾರ)

ಸರ್ಕಾರಿ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಟೆಕ್ನಿಷಿಯನ್ ನಾನು. ವಾರಕ್ಕೊಂದು ದಿನ ಈ ಮಕ್ಕಳದ್ದೇ ಸರದಿ. ಹುಟ್ಟಿದ ಮೇಲೆ ಏನು ಮಾಡುತ್ತಾರೆ ಅಂತ ಹೇಳ್ತೀನಿ, ಎಷ್ಟೋ ತಾಯಂದಿರು ಕೊಯ್ದು ಆಪರೇಷನ್ ಮಾಡುತ್ತಾರೆ ಅಂತ ಹೆದರಿಕೊಂಡು ಬರುತ್ತಾರೆ.

ಈಗ ಎಲ್ಲ ಕಡೆ ಪೊನ್ಸೆಟಿ ವಿಧಾನ. ಇಗ್ನಾಸಿಯೋ ಪೊನ್ಸೆಟಿ ಅಂತ ಸ್ಪೇನ್‌ನಲ್ಲಿ ಹುಟ್ಟಿ ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಡಾಕ್ಟರ್. ದೊಡ್ಡ ಆಪರೇಷನ್ ಆದ ಪಾದಗಳು ಮುಂದೆ ಬಿಗಿದು ನೋಯುವುದನ್ನು ನೋಡಿ, ಕೈಯಲ್ಲೇ ನಿಧಾನ ತಿರುಗಿಸುವ ದಾರಿ ಹುಡುಕಿದರು. 1963ರಲ್ಲೇ ಅದರ ಬಗ್ಗೆ ಬರೆದರೂ ಜಗತ್ತು ಕಿವಿಗೊಟ್ಟಿದ್ದು 1990ರ ದಶಕ ಕಳೆಯುವಾಗ. ಅದರಲ್ಲೂ ಇಂಟರ್‌ನೆಟ್‌ನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಅಪ್ಪ ಅಮ್ಮಂದಿರ ಪಾಲು ದೊಡ್ಡದು. ನಾವು ಇಲ್ಲಿ ಮಾತಾಡುತ್ತಾ ಇದ್ದೀವಲ್ಲ, ಹಾಗೇ. ಅವರು ಹುಟ್ಟಿದ ಜೂನ್ 3 ಈಗ ವಿಶ್ವ ಕ್ಲಬ್‌ಫೂಟ್ ದಿನ.

ಹುಟ್ಟಿದ ಒಂದೆರಡು ವಾರದಲ್ಲಿ ಶುರು ಮಾಡುತ್ತೇವೆ. ಎಳೆ ಮಗುವಿನ ಪಾದದಲ್ಲಿ ಎಲುಬಿಗಿಂತ ಮೆತ್ತನೆ ಭಾಗವೇ ಜಾಸ್ತಿ. ಡಾಕ್ಟರ್ ಹೆಬ್ಬೆರಳನ್ನು ಒಂದು ಗೊತ್ತಾದ ಜಾಗದಲ್ಲಿ ಒತ್ತಿ, ಪಾದವನ್ನು ಎಷ್ಟು ಬರುತ್ತೋ ಅಷ್ಟೇ ಹೊರಕ್ಕೆ ತಿರುಗಿಸಿ ಹಿಡಿಯುತ್ತಾರೆ. ನಾನು ತೆಳ್ಳಗೆ ಹತ್ತಿ ಸುತ್ತಿ, ಅದರ ಮೇಲೆ ತೊಡೆಯವರೆಗೂ ಪ್ಲಾಸ್ಟರ್ ಸುತ್ತುತ್ತೇನೆ. ಮಂಡಿ ಮಡಚಿರಬೇಕು, ಇಲ್ಲದಿದ್ದರೆ ಜಾರಿ ಹೋಗುತ್ತದೆ. ಅಮ್ಮ ಪಕ್ಕದಲ್ಲೇ ಕೂತು ಹಾಲು ಕುಡಿಸುತ್ತಿರಬೇಕು. ಹಾಲು ಕುಡಿಯುವ ಮಗು ಕಾಲು ಸಡಿಲ ಬಿಡುತ್ತದೆ, ಅಳುವ ಮಗು ಒದೆಯುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಹೊಸದು. ಸಾಮಾನ್ಯವಾಗಿ ಐದರಿಂದ ಏಳು ಸಲ.

ಕೊನೆಗೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಟೆಂಡನ್) ಬಿಗಿಯಾಗೇ ಉಳಿಯುತ್ತದೆ. ಹೆಚ್ಚಿನ ಮಕ್ಕಳಿಗೆ ಅದನ್ನು ಒಂದು ಸಣ್ಣ ಕೊಯ್ತದಲ್ಲಿ ಬಿಡಿಸುತ್ತಾರೆ. ಆ ಜಾಗಕ್ಕೆ ಮಾತ್ರ ಮರಗಟ್ಟಿಸಿದರೂ ಸಾಕು. ಮೂರು ವಾರ ಪ್ಲಾಸ್ಟರ್‌ನಲ್ಲಿ ಇರುವಾಗ ಆ ಸ್ನಾಯುರಜ್ಜು ಉದ್ದವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಆಮೇಲೆ ಬೂಟು.

ಧಾರವಾಡದ ಅಪ್ಪ (ಗುರುವಾರ)

ಬೂಟಿನ ವಿಷಯ ನಾನೇ ಹೇಳ್ತೀನಿ, ಯಾಕೆಂದರೆ ಅಲ್ಲಿ ತಪ್ಪು ಮಾಡಿದವನು ನಾನು.

ಎರಡು ಬೂಟಿನ ನಡುವೆ ಒಂದು ಅಡ್ಡಪಟ್ಟಿ ಇರುತ್ತದೆ. ಪಾದ ಹೊರಕ್ಕೆ ತಿರುಗಿರೋ ಹಾಗೆ ಹಿಡಿಯುತ್ತದೆ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ. ಆಮೇಲೆ ನಾಲ್ಕೈದು ವರ್ಷ ಆಗುವವರೆಗೂ ರಾತ್ರಿ ಮತ್ತು ಹಗಲು ಮಲಗುವಾಗ. ನನ್ನ ಮಗ ಒಂದು ವರ್ಷ ದಾಟಿದ ಮೇಲೆ ಬೂಟು ಕಂಡರೆ ಚೀರುತ್ತಿದ್ದ. ಪಾದ ನೋಡಿದರೆ ಸರಿಯಾಗೇ ಇತ್ತು, ನಡೆಯಲು ಶುರು ಮಾಡಿದ್ದ. 'ಪಾಪ, ಇವತ್ತೊಂದು ರಾತ್ರಿ ಬೇಡ' ಅಂದೆ. ಒಂದು ರಾತ್ರಿ ಅನ್ನೋದು ಒಂದು ತಿಂಗಳಾಯಿತು. ಎರಡು ವರ್ಷಕ್ಕೆ ಹಿಮ್ಮಡಿ ಮತ್ತೆ ಮೇಲೆದ್ದಿತ್ತು. ಮತ್ತೆ ಪ್ಲಾಸ್ಟರ್. ಓಡಾಡುವ ಮಗುವಿಗೆ ತೊಡೆವರೆಗೆ ಪ್ಲಾಸ್ಟರ್ ಹಾಕಿ ಕೂರಿಸೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಈಗ ಐದು ವರ್ಷ, ಚೆನ್ನಾಗಿದ್ದಾನೆ. ಆದರೆ ಆ ಎರಡನೇ ಸಲದ ನೋವನ್ನು ಕೊಟ್ಟದ್ದು ನನ್ನ ಕೈ.

ಸ್ಕ್ಯಾನ್‌ನಲ್ಲಿ ಮೊದಲೇ ಗೊತ್ತಾದವರು ಈ ಬೂಟಿನ ಬಗ್ಗೆ ಈಗಲೇ ಮನೆಮಂದಿಗೆಲ್ಲ ಹೇಳಿ ಒಪ್ಪಿಸಿಡಿ. ಅಜ್ಜ ಅಜ್ಜಿ ಬಿಚ್ಚುವುದೇ ಜಾಸ್ತಿ.

ಹಾಸನದ ಅಮ್ಮ (ಗುರುವಾರ)

ನಿಜ ಅಣ್ಣ. ನಾನು ಹಲ್ಲುಜ್ಜೋದು, ಬೂಟು ಹಾಕೋದು, ಕಥೆ ಹೇಳೋದು, ದೀಪ ಆರಿಸೋದು ಅಂತ ಒಂದೇ ಕ್ರಮ ಇಟ್ಟಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ, ಊರ ಜಾತ್ರೆಗೆ ಹೋದರೂ ಬೂಟು ಚೀಲದಲ್ಲಿ. ಮೂರು ವರ್ಷದವನಾದಾಗ ಅವನೇ ತಂದು ಕೊಡುತ್ತಿದ್ದ.

ಚಿಕ್ಕೋಡಿ (ಗುರುವಾರ)

ಖರ್ಚು ಎಷ್ಟು ಬರುತ್ತೆ? ನನ್ನ ತಂಗಿಗೂ ಹೀಗೇ ಹೇಳಿದ್ದಾರೆ. ಕೂಲಿ ಮಾಡುವವರು.

ಪ್ಲಾಸ್ಟರ್ ಕೋಣೆ (ಗುರುವಾರ)

ಸರ್ಕಾರಿ ಕಡೆ ದುಡ್ಡಿನ ಚಿಂತೆ ಬೇಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಉಚಿತ ಚಿಕಿತ್ಸೆಯ ಪಟ್ಟಿಯಲ್ಲಿ ಕ್ಲಬ್‌ಫೂಟ್ ಇದೆ. ಆಶಾ ಕಾರ್ಯಕರ್ತೆಗೆ ಈಗಲೇ ಹೇಳಿ, ತಾಯಿ ಕಾರ್ಡ್ ಜೊತೆ ಸ್ಕ್ಯಾನ್ ರಿಪೋರ್ಟ್ ಇಟ್ಟುಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ತೊಂದರೆಗೆ ಬೇಗನೆ ಚಿಕಿತ್ಸೆ ಕೊಡಿಸುವ ಜಿಲ್ಲಾ) ಕೇಂದ್ರ ಕೇಳಿ, ಕ್ಲಬ್‌ಫೂಟ್ ಕ್ಲಿನಿಕ್ ಯಾವ ದಿನ ಅಂತ ಅವರು ಹೇಳುತ್ತಾರೆ. ಕ್ಯೂರ್ ಇಂಡಿಯಾ ಸಂಸ್ಥೆ ಹಲವು ರಾಜ್ಯಗಳಲ್ಲಿ ಸರ್ಕಾರಿ ಆಸ್ಪತ್ರೆಗಳ ಜೊತೆ ಸೇರಿ ಈ ಕೆಲಸ ಮಾಡುತ್ತದೆ. ಕಷ್ಟ ಆಗೋದು ವಾರ ವಾರ ಬಂದು ಹೋಗುವ ಬಸ್ ಚಾರ್ಜು ಮತ್ತು ಒಂದು ದಿನದ ಕೂಲಿ. ಅದನ್ನು ಮೊದಲೇ ಲೆಕ್ಕ ಹಾಕಿಡಲಿ. ಮಧ್ಯದಲ್ಲಿ ನಿಲ್ಲಿಸುವವರು ಹೆಚ್ಚಾಗಿ ಇದಕ್ಕೇ ನಿಲ್ಲಿಸುತ್ತಾರೆ.

ತುಂಗೆ ತಟದವಳು (ಎರಡೂವರೆ ವಾರದ ನಂತರ)

ಮತ್ತೊಮ್ಮೆ ಸ್ಕ್ಯಾನ್ ಆಯಿತು. 40 ನಿಮಿಷ ನೋಡಿದರು. ಎಡಪಾದ ಕ್ಲಬ್‌ಫೂಟ್ ಹೌದು. ಬೆನ್ನು, ಮೆದುಳು, ಹೃದಯ, ಕೈ ಎಲ್ಲ ಚೆನ್ನಾಗಿವೆ. 3ಡಿಯಲ್ಲಿ ತೋರಿಸಿದರು. ಐದು ಬೆರಳೂ ಎಣಿಸಿದೆ. ಪಾದ ಒಳಕ್ಕೆ ಮುದುಡಿಕೊಂಡಿದೆ, ಚಳಿಗೆ ಮುದುಡಿದ ಹಾಗೆ.

ಅತ್ತೆಯನ್ನೂ ಒಳಗೆ ಕರೆದುಕೊಂಡು ಹೋಗಿದ್ದೆ. ಅವರು ಆ ಚಿತ್ರ ನೋಡಿ ತುಂಬ ಹೊತ್ತು ಮಾತಾಡಲಿಲ್ಲ. ಹೊರಗೆ ಬಂದ ಮೇಲೆ 'ಮೂಗು ನಮ್ಮವರದ್ದೇ' ಅಂದರು. ಗ್ರಹಣದ ಮಾತು ಮತ್ತೆ ಬಂದಿಲ್ಲ. ಮಕ್ಕಳ ಮೂಳೆ ಡಾಕ್ಟರನ್ನು ಈಗಲೇ ಹೋಗಿ ನೋಡಿ ಬಂದೆವು. ಹುಟ್ಟಿದ ವಾರದಲ್ಲಿ ಫೋನ್ ಮಾಡಿ ಅಂದಿದ್ದಾರೆ.

ತುಂಗೆ ತಟದವಳು (ಸುಮಾರು ಹನ್ನೊಂದು ತಿಂಗಳ ನಂತರ)

ತುಂಬಾ ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಮಗಳಿಗೆ ಏಳು ತಿಂಗಳು. ಹುಟ್ಟಿದ ಒಂಬತ್ತನೇ ದಿನ ಮೊದಲ ಪ್ಲಾಸ್ಟರ್. ಒಟ್ಟು ಆರು ಆಯಿತು. ಪ್ರತಿ ಸಲ ಹಿಂದಿನ ರಾತ್ರಿ ಒದ್ದೆ ಬಟ್ಟೆ ಸುತ್ತಿಟ್ಟು ಪ್ಲಾಸ್ಟರ್ ಮೆತ್ತಗೆ ಮಾಡಿಕೊಳ್ಳುತ್ತಿದ್ದೆವು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಬಿಚ್ಚಿದಾಗ ಅವಳ ಬರಿ ಕಾಲಿಗೆ ಗಾಳಿ ತಾಗಿ ಬೆರಳು ಅಗಲಿಸುತ್ತಿದ್ದಳು. ಆ ಹತ್ತು ನಿಮಿಷ ಅತ್ತೆ ಪಾದ ಹಿಡಿದುಕೊಂಡೇ ಕೂರುತ್ತಿದ್ದರು. ಮೂರನೇ ವಾರಕ್ಕೆ ನನ್ನ ಕಣ್ಣಿಗೇ ವ್ಯತ್ಯಾಸ ಕಂಡಿತು.

ಬೂಟು 23 ಗಂಟೆಯಿಂದ ಈಗ ನಿದ್ದೆಯ ಹೊತ್ತಿಗೆ ಬಂದಿದೆ. ಮೊದಲ ಮೂರು ರಾತ್ರಿ ಯಾರೂ ಮಲಗಲಿಲ್ಲ. ನಾಲ್ಕನೇ ದಿನ ಎರಡೂ ಕಾಲು ಒಟ್ಟಿಗೆ ಎತ್ತಿ ಹಾಸಿಗೆ ಮೇಲೆ ದಬ್ ಅಂತ ಬಡಿಯೋದು ಕಲಿತಳು, ಅದೇ ಆಟವಾಯಿತು.

ಪ್ಲಾಸ್ಟರ್ ಕೋಣೆಯವರೇ, ಒಂದು ಪ್ರಶ್ನೆ. ಮೊದಲ ಜೋಡಿ ಬೂಟು ಚಿಕ್ಕದಾಯಿತು, ಇನ್ನೂ ಗಟ್ಟಿ ಇದೆ. ಚಿಕ್ಕೋಡಿಯವರ ತಂಗಿಗೆ ಕಳಿಸಬಹುದಾ?

ಪ್ಲಾಸ್ಟರ್ ಕೋಣೆ (ಅದೇ ದಿನ)

ಕಳಿಸಿ, ಆದರೆ ಅವರ ಕ್ಲಿನಿಕ್ಕಿಗೆ. ನೇರ ಮಗುವಿಗೆ ಹಾಕಬಾರದು. ಅಡ್ಡಪಟ್ಟಿ ಆ ಮಗುವಿನ ಭುಜದಷ್ಟು ಅಗಲ ಇರಬೇಕು, ಸೊಟ್ಟ ಇದ್ದ ಕಡೆ ಬೂಟು ಸುಮಾರು 70 ಡಿಗ್ರಿ ಹೊರಕ್ಕೆ, ಸರಿಯಿರುವ ಕಡೆ 40. ನಿಮ್ಮ ಮಗಳದ್ದು ಎಡಗಾಲು, ಅವರದ್ದು ಯಾವುದು ಅಂತ ಕೇಳಿಕೊಳ್ಳಿ. ಒಳಗಿನ ಚರ್ಮ ಸವೆದಿದ್ದರೆ ಮಾತ್ರ ಕೊಡಬೇಡಿ, ಹಿಮ್ಮಡಿಗೆ ಗುಳ್ಳೆ ಏಳುತ್ತದೆ.

ಚಿಕ್ಕೋಡಿ (ಅದೇ ದಿನ)

ಬಲಗಾಲು ಅಕ್ಕ. ಗುರುವಾರ ಕ್ಲಿನಿಕ್ಕಿನಲ್ಲಿ ಕೇಳಿ ಹೇಳ್ತೀನಿ.